ಹಿಸ್ ಅಲೆ, 500 ಕೆಇವಿ ಎಲೆಕ್ಟ್ರಾನ್, ಎಲ್=4: ಜೀವಿತಾವಧಿ ದಿನಗಳ ಬದಲು ಗಂಟೆಗಳಲ್ಲಿ ಬರ್ತಿದೆ, ತಪ್ಪೆಲ್ಲಿ?

ಗಂಗೋತ್ರಿ_ಅಲೆಮಾರಿ (ಮೈಸೂರು):

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಪೈಥಾನ್‌ನಲ್ಲಿ ಒಂದು ಲೆಕ್ಕ: ಭೂಮಿಯ ಹೊರ ವಿಕಿರಣ ಪಟ್ಟಿಯ ಎಲೆಕ್ಟ್ರಾನ್‌ಗಳನ್ನು ಪ್ಲಾಸ್ಮಾಗೋಳದೊಳಗಿನ (ಭೂಮಿಯ ಸುತ್ತಲಿನ ತಂಪು, ದಟ್ಟ ಪ್ಲಾಸ್ಮಾದ ವಲಯ) ಹಿಸ್ ಅಲೆ ಎಷ್ಟು ಬೇಗ ವಾತಾವರಣಕ್ಕೆ ಚದುರಿಸುತ್ತದೆ ಅನ್ನೋದು.

ಹಾಕಿರುವ ಅಂಕಿಗಳು: ದ್ವಿಧ್ರುವ ಕ್ಷೇತ್ರ, ನೆಲಮಟ್ಟದ ಸಮಭಾಜಕದಲ್ಲಿ 31,000 ನ್ಯಾನೋಟೆಸ್ಲಾ, ಅಂದರೆ ಎಲ್=4ರಲ್ಲಿ (ಸಮಭಾಜಕದಲ್ಲಿ ಭೂಕೇಂದ್ರದಿಂದ ನಾಲ್ಕು ಭೂತ್ರಿಜ್ಯ ದೂರ ಇರುವ ಕಾಂತರೇಖೆ) 484. ಎಲೆಕ್ಟ್ರಾನ್ ಸಾಂದ್ರತೆ ಘನ ಸೆಂಟಿಮೀಟರಿಗೆ 400, ಕಾಂತರೇಖೆಯುದ್ದಕ್ಕೂ ಒಂದೇ. ಅಲೆ ಕಾಂತರೇಖೆಗೆ ಸಮಾಂತರ. ರೋಹಿತ ಗಾಸಿಯನ್, ಮಧ್ಯ 550 ಹರ್ಟ್ಸ್, ಅಗಲ 300, ಮಿತಿ 100ರಿಂದ 2000 ಹರ್ಟ್ಸ್. ಒಟ್ಟು ಪಾರ (ಅಲೆಯ ಕಾಂತಕ್ಷೇತ್ರದ ಬಲ) 30 ಪೈಕೋಟೆಸ್ಲಾ.

ತೊಂದರೆ ಮೂರು. ಸಮಭಾಜಕದಲ್ಲಿ ಮಾತ್ರ ಲೆಕ್ಕ ಹಾಕಿದರೆ ಪಿಚ್ ಆ್ಯಂಗಲ್ (ಎಲೆಕ್ಟ್ರಾನಿನ ವೇಗಕ್ಕೂ ಕಾಂತರೇಖೆಗೂ ನಡುವಿನ ಕೋನ) 60 ಡಿಗ್ರಿಗಿಂತ ಕೆಳಗೆ ಅನುರಣನವೇ ಇಲ್ಲ; ಲಾಸ್ ಕೋನ್ (ಯಾವ ಕೋನದೊಳಗೆ ಬಂದವರು ವಾತಾವರಣಕ್ಕೆ ಬೀಳ್ತಾರೋ ಅದು) ಇರೋದು 5.3 ಡಿಗ್ರಿಯಲ್ಲಿ. ಹಾಗಾದರೆ ಎಲೆಕ್ಟ್ರಾನ್ ಅಲ್ಲಿಗೆ ತಲುಪೋದು ಹೇಗೆ? ಎರಡನೇದು, 45 ಡಿಗ್ರಿ ಅಕ್ಷಾಂಶದವರೆಗೆ ಸರಾಸರಿ ತೆಗೆದು ಜೀವಿತಾವಧಿ ಕಂಡುಕೊಂಡರೆ 11.5 ಗಂಟೆ ಬರುತ್ತೆ. ಪ್ರಕಟವಾದ ಲೆಕ್ಕಗಳಲ್ಲಿ ಇಂಥ ಅಲೆಗೆ, ಇಂಥ ಶಕ್ತಿಗೆ ಕೆಲವು ದಿನಗಳು. ಮೂರನೇದು, 86 ಡಿಗ್ರಿಯಿಂದ ಆಚೆ ವಿಸರಣ ಗುಣಾಂಕ (ಕೋನ ಎಷ್ಟು ಬೇಗ ಚದುರುತ್ತೆ ಅನ್ನೋ ದರ) ಸೊನ್ನೆ, ಹಾಗಾಗಿ ಅನುಕಲನ ಅನಂತಕ್ಕೆ ಹೋಗುತ್ತೆ. ಸದ್ಯಕ್ಕೆ ಅಲ್ಲಿಗೇ ಕತ್ತರಿಸಿದೀನಿ. ಹಾಗೆ ಮಾಡಬಹುದಾ?


ವಿಸಿ_ನಾಲೆ (ಮಂಡ್ಯ):

ಎರಡನೇದರಿಂದ ಶುರು ಮಾಡೋಣ, ಅದು ಸುಲಭ. 11.5 ಗಂಟೆಯನ್ನು 6.28ರಿಂದ ಗುಣಿಸಿ ನೋಡಿ. 72 ಗಂಟೆ, ಸರಿಯಾಗಿ ಮೂರು ದಿನ. 6.28 ಅಂದರೆ ಎರಡು ಪೈ. ರೋಹಿತವನ್ನು ಹರ್ಟ್ಸ್‌ನಲ್ಲಿ ಮಾಪನ ಮಾಡಿ (ಅಂದರೆ ಹರ್ಟ್ಸ್ ಮೇಲೆ ಕೂಡಿದಾಗ 30ರ ವರ್ಗ ಬರುವ ಹಾಗೆ), ಅದನ್ನೇ ರೇಡಿಯನ್-ಪ್ರತಿ-ಸೆಕೆಂಡ್ ಕೇಳುವ ಸೂತ್ರದೊಳಗೆ ಹಾಕಿದೀರಿ. ಪ್ರತಿ ಹರ್ಟ್ಸ್‌ಗಿರುವ ಬಲವನ್ನು ಎರಡು ಪೈನಿಂದ ಭಾಗಿಸಿದರೆ ಮಾತ್ರ ಪ್ರತಿ ರೇಡಿಯನ್‌ಗಿರುವ ಬಲ. ಉತ್ತರ ಆರು ಪಟ್ಟು ತಪ್ಪಿದರೆ ಮೊದಲು ನೋಡಬೇಕಾದ್ದು ಇದನ್ನೇ. 57 ಪಟ್ಟು ತಪ್ಪಿದ್ದರೆ ಡಿಗ್ರಿ-ರೇಡಿಯನ್ ಗೊಂದಲ ಅನ್ನುತ್ತಿದ್ದೆ.

ಈಗ ಮೊದಲನೇ ಪ್ರಶ್ನೆ. ಇದರಲ್ಲೇ ನಿಜವಾದ ಭೌತಶಾಸ್ತ್ರ ಇರೋದು. ಎದುರಿನಿಂದ ಬರುವ ಅಲೆಯನ್ನು ಎಲೆಕ್ಟ್ರಾನ್ ಡಾಪ್ಲರ್ ಏರಿಕೆಯೊಂದಿಗೆ ಕಾಣುತ್ತದೆ. ಆ ಏರಿದ ಆವರ್ತನ ತನ್ನ ಸ್ವಂತ ಸುತ್ತಾಟದ ಆವರ್ತನಕ್ಕೆ (ಗೈರೋ ಆವರ್ತನ) ಸಮ ಆದಾಗ ಅಲೆಯ ವಿದ್ಯುತ್ ಕ್ಷೇತ್ರ ಪ್ರತಿ ಸುತ್ತಿಗೂ ಒಂದೇ ದಿಕ್ಕಿಗೆ ತಳ್ಳುತ್ತದೆ. ಸಾಪೇಕ್ಷತೆಯನ್ನು ಸೇರಿಸಿ ಬರೆದರೆ, ಅಲೆಸಂಖ್ಯೆಯಿಂದ ಗುಣಿಸಿದ ಸಮಾಂತರ ಸಂವೇಗವನ್ನು ಎಲೆಕ್ಟ್ರಾನ್ ದ್ರವ್ಯರಾಶಿಯಿಂದ ಭಾಗಿಸಿದಾಗ ಬರುವುದು ಗೈರೋ ಆವರ್ತನದಿಂದ ಗಾಮಾ (ಸಾಪೇಕ್ಷತೆಯ ಅಂಶ) ಗುಣಿಸಿದ ಅಲೆಯ ಆವರ್ತನವನ್ನು ಕಳೆದಷ್ಟಕ್ಕೆ ಸಮ. ಅಂದರೆ ಒಂದು ಜಾಗ, ಒಂದು ಆವರ್ತನ ಕೊಟ್ಟರೆ ತೀರ್ಮಾನ ಆಗೋದು ಸಮಾಂತರ ಸಂವೇಗ ಮಾತ್ರ, ಒಟ್ಟು ಶಕ್ತಿ ಅಲ್ಲ.

ನಿಮ್ಮ ಅಂಕಿ ಹಾಕಿ ನೋಡೋಣ. ಒಂದು ನ್ಯಾನೋಟೆಸ್ಲಾಗೆ 28 ಹರ್ಟ್ಸ್ ಲೆಕ್ಕದಲ್ಲಿ ಗೈರೋ ಆವರ್ತನ 13.56 ಕಿಲೋಹರ್ಟ್ಸ್. ಪ್ಲಾಸ್ಮಾ ಆವರ್ತನ ಅಂದರೆ ಸಾಂದ್ರತೆಯ ವರ್ಗಮೂಲಕ್ಕೆ 8.98 ಗುಣಿಸಿದ್ದು, ಸುಮಾರು 180 ಕಿಲೋಹರ್ಟ್ಸ್. 550 ಹರ್ಟ್ಸ್‌ನ ವಿಸ್ಲರ್ ಅಲೆಗೆ (ಹಿಸ್, ಕೋರಸ್ ಎರಡೂ ಈ ಬಗೆಯವು) ವಕ್ರೀಭವನಾಂಕ ಸುಮಾರು 67. ಸಮಾಂತರ ಸಂವೇಗ (ದ್ರವ್ಯರಾಶಿ ಗುಣಿಸಿದ ಬೆಳಕಿನ ವೇಗದ ಏಕಮಾನದಲ್ಲಿ) 0.34 ಬರುತ್ತೆ. 500 ಕೆಇವಿ ಎಲೆಕ್ಟ್ರಾನಿನ ಒಟ್ಟು ಸಂವೇಗ ಅದೇ ಏಕಮಾನದಲ್ಲಿ 1.71. ಎರಡರ ಅನುಪಾತ ಕೊಸೈನ್ 0.2, ಪಿಚ್ ಆ್ಯಂಗಲ್ ಸುಮಾರು 79 ಡಿಗ್ರಿ. ರೋಹಿತದ ಕೆಳತುದಿ 100 ಹರ್ಟ್ಸ್‌ಗೆ 60 ಡಿಗ್ರಿ, ಮೇಲ್ತುದಿ 2000ಕ್ಕೆ 86 ಡಿಗ್ರಿ. ನೀವು ಕಂಡ 60, 86 ಎರಡೂ ಬಂದದ್ದು ಇಲ್ಲಿಂದ. ಕೋಡ್ ಇಲ್ಲಿ ಸರಿಯಾಗೇ ಇದೆ.

60ಕ್ಕಿಂತ ಕೆಳಗಿನ ಎಲೆಕ್ಟ್ರಾನ್‌ಗಳಿಗೆ ಸಮಾಂತರ ವೇಗ ಜಾಸ್ತಿ, ಅವುಗಳಿಗೆ ಬೇಕಾದ್ದು ಇನ್ನೂ ಹೆಚ್ಚಿನ ಗೈರೋ ಆವರ್ತನ. ಅದು ಸಿಗೋದು ಅದೇ ಕಾಂತರೇಖೆಯಲ್ಲಿ ಮೇಲಿನ ಅಕ್ಷಾಂಶದಲ್ಲಿ, ಕ್ಷೇತ್ರ ಬಲವಾದ ಕಡೆ. ಲಾಸ್ ಕೋನ್ ಅಂಚಿನ 500 ಕೆಇವಿ ಎಲೆಕ್ಟ್ರಾನ್ 550 ಹರ್ಟ್ಸ್ ಜೊತೆ ಸೇರಬೇಕಾದರೆ ಕ್ಷೇತ್ರ ಸಮಭಾಜಕದ್ದಕ್ಕಿಂತ 2.8 ಪಟ್ಟು ಆಗಬೇಕು. ದ್ವಿಧ್ರುವದಲ್ಲಿ ಅದು 28 ಡಿಗ್ರಿ ದಾಟಿದ ಮೇಲೆ. ಹಾಗಾಗಿ "ಅಲೆ ಎಷ್ಟು ಬಲ ಇದೆ" ಅನ್ನೋದರಷ್ಟೇ ಮುಖ್ಯ "ಯಾವ ಅಕ್ಷಾಂಶದವರೆಗೆ ಇದೆ" ಅನ್ನೋದು. ಸಮಭಾಜಕದ ಅಲೆ ದೊಡ್ಡ ಕೋನದವರನ್ನು ಕೆಳಗಿಳಿಸುತ್ತೆ, ಮೇಲಿನ ಅಕ್ಷಾಂಶದ ಅಲೆ ಅವರನ್ನು ಲಾಸ್ ಕೋನ್‌ಗೆ ನೂಕುತ್ತೆ.

ಮೂರನೇದು: ಕತ್ತರಿಸಬಹುದು, ಆದರೆ ಯಾಕೆ ಕತ್ತರಿಸ್ತಿದೀರಿ ಅಂತ ಗೊತ್ತಿರಲಿ. ಜೀವಿತಾವಧಿಯ ಅಂದಾಜು ಸೂತ್ರ, ಲಾಸ್ ಕೋನ್‌ನಿಂದ 90 ಡಿಗ್ರಿವರೆಗೆ, ಎರಡು ಗುಣಿಸು ವಿಸರಣ ಗುಣಾಂಕ ಗುಣಿಸು ಟ್ಯಾನ್ ಕೋನದ ವಿಲೋಮವನ್ನು ಕೂಡಿದ್ದು. ವಿಲೋಮ ಕೂಡ್ತಿರೋದರಿಂದ ಗುಣಾಂಕ ಎಲ್ಲಿ ಕಡಿಮೆಯೋ ಅಲ್ಲೇ ಉತ್ತರ ನಿಗದಿ ಆಗುತ್ತೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟೆಯಲ್ಲಿ ಎಷ್ಟೇ ನೀರಿರಲಿ, ನಾಲೆ ಕೊನೇಭಾಗದ ಗದ್ದೆಗೆ ಬರೋದು ನಡುವಿನ ತೂಬು ಎಷ್ಟು ಎತ್ತಿದ್ದಾರೋ ಅಷ್ಟೇ. ಲಾಸ್ ಕೋನ್ ಅಂಚಿನಲ್ಲಿ ಗುಣಾಂಕ ಎಷ್ಟು ದೊಡ್ಡದಿದೆ ಅಂತ ಗ್ರಾಫ್ ತೋರಿಸಿ "ಬೇಗ ಖಾಲಿ ಆಗುತ್ತೆ" ಅನ್ನೋರು ಈ ತೂಬನ್ನು ಮರೀತಾರೆ.

86ರಿಂದ 90ರ ನಡುವಿನವರು ನಿಮ್ಮ ಮಾದರಿಯಲ್ಲಿ ದ್ವೀಪದಲ್ಲಿದ್ದ ಹಾಗೆ, ಯಾರೂ ಮುಟ್ಟಲ್ಲ. ನಿಜದ ಹಿಸ್ ಸ್ವಲ್ಪ ಓರೆಯಾಗಿರುತ್ತೆ, ಹಾಗಾಗಿ ಲ್ಯಾಂಡೌ ಅನುರಣನ (ಸುತ್ತಾಟದ ಪಾತ್ರ ಇಲ್ಲದ, ಅಲೆಯ ವೇಗಕ್ಕೆ ಸಮಾಂತರ ವೇಗ ಸಮ ಆಗೋ ಬಗೆ) 89 ಡಿಗ್ರಿ ಆಸುಪಾಸಿನಲ್ಲಿ ಅವರನ್ನು ಅಲ್ಲಾಡಿಸುತ್ತೆ. ಆದರೂ ನಡುವೆ ಒಂದು ಕುಣಿ ಉಳಿಯುತ್ತೆ. ಉಪಗ್ರಹದ ಅಳತೆಗಳಲ್ಲೂ ಇದು ಕಾಣುತ್ತೆ. ಹಿಸ್ ಬಹಳ ದಿನ ಕೆಲಸ ಮಾಡಿದ ಕಡೆ 90 ಡಿಗ್ರಿ ಸುತ್ತ ಟೋಪಿ ಇಟ್ಟ ಹಾಗೆ ಒಂದು ಗುಡ್ಡ, ಎರಡೂ ಬದಿ ಇಳಿಜಾರು.


ಬೋಗಾದಿ_ಪ್ಲಾಸ್ಮಾ (ಮೈಸೂರು):

ನಾಲೆಯವರು ಹೇಳಿದ್ದೆಲ್ಲ ಸರಿ. ಕೋಡ್ ಬರೆಯುವಾಗ ಸಾಮಾನ್ಯವಾಗಿ ಕೈಕೊಡುವ ಕೆಲವು ಜಾಗಗಳನ್ನು ಸೇರಿಸ್ತೀನಿ.

ಬೌನ್ಸ್ ಸರಾಸರಿಯ (ಎಲೆಕ್ಟ್ರಾನ್ ಕಾಂತರೇಖೆಯುದ್ದಕ್ಕೂ ಹೋಗಿಬರುವ ಹಾದಿಯ ಸರಾಸರಿ) ತೂಕ: ಸ್ಥಳೀಯ ಗುಣಾಂಕಕ್ಕೆ ಸ್ಥಳೀಯ ಪಿಚ್ ಆ್ಯಂಗಲ್‌ನ ಕೊಸೈನ್, ಅಕ್ಷಾಂಶದ ಕೊಸೈನ್‌ನ ಏಳನೇ ಘಾತ, ಎರಡನ್ನೂ ಗುಣಿಸಿ ಸಮಭಾಜಕ ಕೋನದ ಕೊಸೈನ್ ವರ್ಗದಿಂದ ಭಾಗಿಸಬೇಕು. ಈ ಕೊನೇ ಭಾಗಾಕಾರ ಬಿಟ್ಟುಹೋದರೆ ಸಣ್ಣ ಕೋನದಲ್ಲಿ ಏನೂ ಗೊತ್ತಾಗಲ್ಲ, 80 ಡಿಗ್ರಿಯಲ್ಲಿ 33 ಪಟ್ಟು ವ್ಯತ್ಯಾಸ. ಅಲ್ಲೇ ತೂಬು ಇರೋದರಿಂದ ಜೀವಿತಾವಧಿ ಪೂರ್ತಿ ಹಾಳು. ಛೇದದಲ್ಲಿ ಬರುವ ಬೌನ್ಸ್ ಅವಧಿಯ ಅಂಶಕ್ಕೆ 1.30 ಕಳೆ 0.56 ಗುಣಿಸು ಸೈನ್ ಅನ್ನುವ ಅಂದಾಜು ಸಾಕು. ಅದನ್ನೇ ಸಂಖ್ಯಾತ್ಮಕವಾಗಿ ತೆಗೆಯಲು ಹೋದರೆ ಮಿರರ್ ಬಿಂದುವಿನಲ್ಲಿ (ಎಲೆಕ್ಟ್ರಾನ್ ಹಿಂದಿರುಗುವ ಜಾಗ) ಕೊಸೈನ್ ಸೊನ್ನೆಯಾಗಿ ಛೇದಕ್ಕೆ ಬೀಳುತ್ತೆ, ಒಂದು ಡಿಗ್ರಿ ಹೆಜ್ಜೆಯ ಟ್ರೆಪೆಜಾಯ್ಡ್ ವಿಧಾನ ಅಲ್ಲಿ ಬರೀ ಕಸ ಕೊಡುತ್ತೆ. ಮಿರರ್ ಅಕ್ಷಾಂಶವನ್ನು ಬೈಸೆಕ್ಷನ್‌ನಲ್ಲಿ ಕಂಡುಹಿಡಿದು, ಅಕ್ಷಾಂಶದ ಜಾಲವನ್ನು ಅಲ್ಲಿಗೇ ಮುಗಿಸಿ. ಎಲ್ಲ ಕೋನಕ್ಕೂ 45 ಡಿಗ್ರಿವರೆಗಿನ ಒಂದೇ ಜಾಲ ಇಟ್ಟರೆ, ಎಲೆಕ್ಟ್ರಾನ್ ತಲುಪದ ಜಾಗದಲ್ಲೂ ಲೆಕ್ಕ ನಡೆದು ವರ್ಗಮೂಲದೊಳಗೆ ಋಣ ಸಂಖ್ಯೆ ಬರುತ್ತೆ. ನಂಪೈ (ಪೈಥಾನ್‌ನ ಗಣಿತ ಲೈಬ್ರರಿ) ಅದನ್ನು ನ್ಯಾನ್, ಅಂದರೆ "ಸಂಖ್ಯೆ ಅಲ್ಲ" ಅಂತ ಮಾಡುತ್ತೆ, ಯಾರೋ ನ್ಯಾನ್‌ಸಮ್ (ಅವನ್ನು ಬಿಟ್ಟು ಕೂಡುವ ಆಜ್ಞೆ) ಹಾಕಿ ಮುಚ್ಚಿಬಿಡ್ತಾರೆ, ಅಲ್ಲಿಗೆ ತಪ್ಪು ಹೂತುಹೋಯ್ತು.

ಪಾರದ ವಿಚಾರ ಇನ್ನೂ ಸೂಕ್ಷ್ಮ. ಗುಣಾಂಕ ಪಾರದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಅರ್ಧ ಹೊತ್ತು 10, ಅರ್ಧ ಹೊತ್ತು 50 ಪೈಕೋಟೆಸ್ಲಾ ಇದ್ದರೆ ಪಾರದ ಸರಾಸರಿ 30, ಅದರ ವರ್ಗ 900. ಆದರೆ ವರ್ಗಗಳ ಸರಾಸರಿ 1300. ಮೊದಲು ಸರಾಸರಿ ತೆಗೆದು ಆಮೇಲೆ ವರ್ಗ ಮಾಡಿದರೆ ಮೂರನೇ ಒಂದು ಭಾಗದಷ್ಟು ಚದುರಿಕೆ ಕಳೆದುಹೋಯ್ತು. ಸಮೀಕ್ಷೆಯ ದತ್ತಾಂಶದಲ್ಲಿ 30 ಅಂತ ಕಂಡರೆ ಅದು ಯಾವ ಸರಾಸರಿ ಅಂತ ಓದಿ. ಜೊತೆಗೆ ಆ 30 ದಿನದ ಎಲ್ಲ ಹೊತ್ತಿನದ್ದಾ, ಹಗಲು ಪಕ್ಕದ್ದು ಮಾತ್ರನಾ ಅಂತಲೂ ನೋಡಿ. ಹಿಸ್ ಹಗಲು ಪಕ್ಕದಲ್ಲಿ ಬಲ, ಇರುಳು ಪಕ್ಕದಲ್ಲಿ ಕ್ಷೀಣ. ಈ ಎಲೆಕ್ಟ್ರಾನ್‌ಗಳು ಭೂಮಿಯ ಸುತ್ತ ತೇಲೋಕೆ ತೆಗೆದುಕೊಳ್ಳೋದು ನಿಮಿಷಗಳ ಲೆಕ್ಕ (1 ಎಂಇವಿ, ಎಲ್=5ಕ್ಕೆ 13 ನಿಮಿಷದ ಆಸುಪಾಸು). ಜೀವಿತಾವಧಿ ದಿನಗಳು. ಹಾಗಾಗಿ ಸುತ್ತಿನ ಸರಾಸರಿ ತೆಗೆಯೋದು ನ್ಯಾಯ, ಆದರೆ ಒಂದೇ ಸಲ ತೆಗೀಬೇಕು. ಸಮೀಕ್ಷೆಯಲ್ಲಿ ಈಗಾಗಲೇ ತೆಗೆದದ್ದನ್ನು ಮತ್ತೆ "ಅರ್ಧ ದಿನ ಮಾತ್ರ" ಅಂತ ಅರ್ಧ ಮಾಡೋದು ಬಹಳ ಕಂಡುಬರುವ ತಪ್ಪು.

ಕೆಲವು ಪ್ರಬಂಧಗಳು ಗುಣಾಂಕವನ್ನು ಸಂವೇಗದ ವರ್ಗ ಸೇರಿಸಿ ಬರೀತಾವೆ, ಕೆಲವು ಸೇರಿಸದೆ ಸೆಕೆಂಡಿನ ವಿಲೋಮದಲ್ಲಿ. ಗ್ರಾಫಿನ ಅಕ್ಷದ ಏಕಮಾನ ನೋಡದೆ ಹೋಲಿಸಬೇಡಿ.

ಸೂತ್ರದ ಜೀವಿತಾವಧಿಯನ್ನು ನಂಬುವ ಮೊದಲು ಒಂದು ಆಯಾಮದ ವಿಸರಣ ಸಮೀಕರಣವನ್ನೇ ಓಡಿಸಿ. ಲಾಸ್ ಕೋನ್ ಅಂಚಿನಲ್ಲಿ ಈ ಎಲೆಕ್ಟ್ರಾನ್‌ಗಳ ಸಾಂದ್ರತೆ ಸೊನ್ನೆ, 90ರಲ್ಲಿ ಇಳಿಜಾರು ಸೊನ್ನೆ, ಶುರುವಿಗೆ ಸೈನ್ ಆಕಾರ. ನಿಷ್ಪನ್ನದ ಒಳಗೂ ಹೊರಗೂ ಬೌನ್ಸ್ ಅಂಶ ಗುಣಿಸು ಸೈನ್-ಎರಡು-ಕೋನ ಬರಬೇಕು. ಅದನ್ನು ಬಿಟ್ಟರೆ ಕಣಗಳ ಒಟ್ಟು ಸಂಖ್ಯೆ ತಾನಾಗೇ ಏರುತ್ತೆ ಇಳಿಯುತ್ತೆ. ಒಂದು ಡಿಗ್ರಿ ಹೆಜ್ಜೆಗೆ ಗುಣಾಂಕದ ಗರಿಷ್ಠ ಬೆಲೆ ಸೆಕೆಂಡಿಗೆ ಲಕ್ಷದಲ್ಲೊಂದು ಇದ್ದರೆ ಎಕ್ಸ್‌ಪ್ಲಿಸಿಟ್ ವಿಧಾನಕ್ಕೆ ಕಾಲದ ಹೆಜ್ಜೆ 15 ಸೆಕೆಂಡ್ ಮೀರಬಾರದು. ಹತ್ತು ದಿನಕ್ಕೆ 57,600 ಹೆಜ್ಜೆ, ಸಾಮಾನ್ಯ ಲ್ಯಾಪ್‌ಟಾಪೇ ಮಾಡುತ್ತೆ. ಕೋರಸ್‌ಗೆ (ಪ್ಲಾಸ್ಮಾಗೋಳದ ಹೊರಗಿನ ಅಲೆ) ಇದೇ ಕೋಡ್ ಬಳಸೋದಾದರೆ ಇಂಪ್ಲಿಸಿಟ್‌ಗೆ (ದೊಡ್ಡ ಹೆಜ್ಜೆಗೂ ಕೆಡದ ವಿಧಾನ) ಹೋಗಿ. ಮೊದಲ ಕೆಲವು ಗಂಟೆ ಆಕಾರ ಹೊಂದಿಕೊಳ್ಳುತ್ತೆ, ಆಮೇಲೆ ಎಲ್ಲ ಕೋನಗಳೂ ಒಂದೇ ದರದಲ್ಲಿ ಇಳಿಯುತ್ತವೆ. ಲಾಗ್ ಗ್ರಾಫಿನ ಆ ನೇರ ಗೆರೆಯ ಇಳಿಜಾರಿನ ವಿಲೋಮವೇ ಜೀವಿತಾವಧಿ. ಬೇರೆ ಬೇರೆ ಕೋನ ಬೇರೆ ಬೇರೆ ದರದಲ್ಲಿ ಇಳೀತಿದ್ದರೆ ಕುಣಿ ಇದೆ ಅಂತ ಅರ್ಥ, ಆಗ ಒಂದೇ ಜೀವಿತಾವಧಿ ಅಂತ ಹೇಳೋದೇ ತಪ್ಪು.

ಕೊನೇ ಪರೀಕ್ಷೆ, ಎರಡು ನಿಮಿಷದ್ದು: ಪಾರ ಎರಡು ಪಟ್ಟು ಮಾಡಿ, ಜೀವಿತಾವಧಿ ಸರಿಯಾಗಿ ಕಾಲು ಭಾಗ ಆಗಬೇಕು. ಆಗದಿದ್ದರೆ ಎಲ್ಲೋ ಪಾರ ಎರಡು ಕಡೆ ಸೇರಿದೆ.


ಗಂಗೋತ್ರಿ_ಅಲೆಮಾರಿ:

ನಾಲೆ ಅಣ್ಣ, ಎರಡು ಪೈ ಅದೇ ಆಗಿತ್ತು. ಈಗ ಸೂತ್ರದಿಂದ 72 ಗಂಟೆ ಬರ್ತಿದೆ. ಬೋಗಾದಿ ಸರ್, ಕೊಸೈನ್ ವರ್ಗ ಇತ್ತು, ಆದರೆ ನ್ಯಾನ್‌ಸಮ್ ಕೂಡ ಇತ್ತು! ತೆಗೆದೆ.

ಮುಂದಿನ ಅಧ್ಯಾಯಕ್ಕೆ ಪ್ಲಾಸ್ಮಾಗೋಳದ ಹೊರಗಿನ ಕೋರಸ್, ಜೊತೆಗೆ ಎಮಿಕ್ ಅಲೆ (ಅಯಾನುಗಳ ಗೈರೋ ಆವರ್ತನದ ಆಸುಪಾಸಿನ ಅಲೆ) ಸೇರಿಸಬೇಕು. ಇದೇ ಕೋಡಿನಲ್ಲಿ ಅಂಕಿ ಬದಲಿಸಿದರೆ ಸಾಕಾ? ಇನ್ನೊಂದು, ಇಲ್ಲಿ ಕೂತು ಕೋರಸ್ ಅಥವಾ ಹಿಸ್ ಕೇಳೋಕೆ ಆಗುತ್ತಾ? ಒಂದು ಲೂಪ್ ಆಂಟೆನಾ ಕಟ್ಟೋಣ ಅಂತ ಮಾತಾಡ್ತಿದ್ದೇವೆ.


ಹೇಮಾವತಿ_ಬಯಲು:

ಅಂಕಿ ಬದಲಿಸಿದರೆ ಕೋಡ್ ಓಡುತ್ತೆ, ಉತ್ತರವನ್ನು ನಂಬೋದು ಬೇರೆ ಮಾತು.

ಕೋರಸ್ ಇರೋದು ಪ್ಲಾಸ್ಮಾಗೋಳದ ಹೊರಗೆ, ಅಲ್ಲಿ ಸಾಂದ್ರತೆ ಪಾತಾಳಕ್ಕಿಳಿದಿರುತ್ತೆ. ಎಲ್=5ರಲ್ಲಿ ಕ್ಷೇತ್ರ 248 ನ್ಯಾನೋಟೆಸ್ಲಾ, ಗೈರೋ ಆವರ್ತನ 6.9 ಕಿಲೋಹರ್ಟ್ಸ್, ಸಾಂದ್ರತೆ ಘನ ಸೆಂಟಿಮೀಟರಿಗೆ 5 ಅಂತ ಇಟ್ಟುಕೊಳ್ಳಿ. ಸಮಭಾಜಕದಲ್ಲಿ ಗೈರೋ ಆವರ್ತನದ 0.3ರಷ್ಟಿರುವ ಕೋರಸ್‌ಗೆ ಅನುರಣನದ ಸಮಾಂತರ ಶಕ್ತಿ 35 ಕೆಇವಿ. ಈ ಶಕ್ತಿ ಸಾಂದ್ರತೆಗೆ ವಿಲೋಮವಾಗಿ ಬದಲಾಗುತ್ತೆ, ಅಂದರೆ ಸಾಂದ್ರತೆಯನ್ನು 5ರ ಬದಲು 10 ಅಂತ ಹಾಕಿದರೆ ಅರ್ಧ. ಹಾಗಾಗಿ ಮಾದರಿಯಿಂದ ಎತ್ತಿದ ಸಾಂದ್ರತೆಗಿಂತ ಅದೇ ಹೊತ್ತಿನ ಅಳತೆ ಯಾವಾಗಲೂ ಮೇಲು.

35 ಕೆಇವಿ ಅಂದ ಮೇಲೆ ಮೆಗಾ ಎಲೆಕ್ಟ್ರಾನ್‌ವೋಲ್ಟಿನವರನ್ನು ಕೋರಸ್ ಬೀಳಿಸೋದು ಎಲ್ಲಿ? ಮತ್ತೆ ಅದೇ ಉತ್ತರ, ಮೇಲಿನ ಅಕ್ಷಾಂಶದಲ್ಲಿ. ಮೇಲಿನ ಅಂಕಿಗಳಿಗೆ 1 ಎಂಇವಿಯ ಲಾಸ್ ಕೋನ್ ಅಂಚಿನ ಎಲೆಕ್ಟ್ರಾನ್ ಸೇರೋದು ಕ್ಷೇತ್ರ 3.5 ಪಟ್ಟಾದ ಕಡೆ, ಸುಮಾರು 31 ಡಿಗ್ರಿ. ಇರುಳು ಪಕ್ಕದಲ್ಲಿ ಕೋರಸ್ 15 ಡಿಗ್ರಿ ಆಸುಪಾಸಿನಲ್ಲೇ ಲ್ಯಾಂಡೌ ಕುಗ್ಗುವಿಕೆಗೆ ಸಿಕ್ಕಿ ಸಾಯುತ್ತೆ. ಹಗಲು ಪಕ್ಕದಲ್ಲಿ 30 ದಾಟುತ್ತೆ. ಅದಕ್ಕೇ ಒಂದೇ ಕೋರಸ್ ನಡುರಾತ್ರಿ ಪಕ್ಕದಲ್ಲಿ ಹತ್ತಾರು ಕೆಇವಿಯವರನ್ನು ಸುರಿದು ಮಿಡಿಯುವ ಧ್ರುವಪ್ರಭೆ ಮಾಡುತ್ತೆ, ಬೆಳಗಿನ ಪಕ್ಕದಲ್ಲಿ ಎಂಇವಿ ಮೈಕ್ರೋಬರ್ಸ್ಟ್‌ಗಳಿಗೂ (ಕ್ಷಣಮಾತ್ರದ ಎಲೆಕ್ಟ್ರಾನ್ ಸುರಿತ) ಕಾರಣವಾಗುತ್ತೆ. ಕೋಡಿನಲ್ಲಿ ಎಲ್ಲ ಹೊತ್ತಿಗೂ ಒಂದೇ ಅಕ್ಷಾಂಶ ಮಿತಿ ಹಾಕಿದರೆ ಈ ವ್ಯತ್ಯಾಸ ಪೂರ್ತಿ ಅಳಿಸಿಹೋಗುತ್ತೆ.

ಮಿಡಿಯುವ ಧ್ರುವಪ್ರಭೆ ಬರೀ ಊಹೆಯಲ್ಲ. ಜಪಾನಿನ ಅರಾಸೆ ಉಪಗ್ರಹ (2016ರ ಡಿಸೆಂಬರಿನಲ್ಲಿ ಹಾರಿದ್ದು) ಸಮಭಾಜಕದ ಹತ್ತಿರ ಕೋರಸ್ ಏರಿಳಿದ ಹಾಗೇ ಲಾಸ್ ಕೋನ್‌ನೊಳಗೆ ಎಲೆಕ್ಟ್ರಾನ್ ತುಂಬೋದನ್ನು ನೇರವಾಗಿ ಅಳೆಯಿತು; 2018ರಲ್ಲಿ ಪ್ರಕಟವಾಯಿತು. ಎಲ್=5, 6ರಲ್ಲಿ ಲಾಸ್ ಕೋನ್ ಅಂದರೆ 3-4 ಡಿಗ್ರಿ ಅಷ್ಟೇ. ಉಪಕರಣದ ಕೋನ ವಿಭೇದನ ಅದಕ್ಕಿಂತ ಒರಟಾಗಿದ್ದರೆ ಒಳಗಿನದ್ದು ಹೊರಗಿನದ್ದು ಬೆರೆತು ಏನೂ ಕಾಣಲ್ಲ.

ಇನ್ನು ಕೋರಸ್ ಬೀಳಿಸೋದು ಮಾತ್ರ ಅಲ್ಲ, ಎತ್ತುತ್ತದೆ ಕೂಡ. ಪ್ಲಾಸ್ಮಾ ಆವರ್ತನಕ್ಕೂ ಗೈರೋ ಆವರ್ತನಕ್ಕೂ ಅನುಪಾತ ಕಡಿಮೆ ಇರುವ ಕಡೆ (ಮೇಲಿನ ಉದಾಹರಣೆಯಲ್ಲಿ 2.9) ಶಕ್ತಿಯ ವಿಸರಣವೂ ಜೋರು. ನೂರಾರು ಕೆಇವಿಯವರು ಎಂಇವಿಗೆ ಏರ್ತಾರೆ. 2012ರ ಅಕ್ಟೋಬರ್ ಭೂಕಾಂತ ಬಿರುಗಾಳಿಯಲ್ಲಿ ನಾಸಾದ ವ್ಯಾನ್ ಅಲೆನ್ ಪ್ರೋಬ್‌ಗಳು ಪಟ್ಟಿಯ ನಡುವಿನಲ್ಲೇ ಹುಟ್ಟಿದ ಏರಿಕೆಯನ್ನು ಹಿಡಿದವು, ಅದಕ್ಕೆ ಕೋರಸ್ ಸಾಕು ಅಂತ ಲೆಕ್ಕವೂ ತೋರಿಸಿತು. ಹಾಗಾಗಿ ಕೋರಸ್ ಅಧ್ಯಾಯಕ್ಕೆ ಪಿಚ್ ಆ್ಯಂಗಲ್ ಒಂದೇ ಸಾಲದು. ಸಂವೇಗದ ಗುಣಾಂಕ, ಎರಡರ ಮಿಶ್ರ ಗುಣಾಂಕ, ಮೂರೂ ಬೇಕು. ಮಿಶ್ರ ಪದವನ್ನು ಸಾಮಾನ್ಯ ಜಾಲದಲ್ಲಿ ಹಾಕಿದರೆ ಸಾಂದ್ರತೆ ಋಣವಾಗಿ ಹೋಗೋದು ಹಳೇ ತಲೆನೋವು. ಎಂಎಸ್ಸಿ ಕಾಲಾವಧಿಯಲ್ಲಿ ಅದಕ್ಕೆ ಕೈ ಹಾಕಬೇಡಿ ಅಂತ ನನ್ನ ಸಲಹೆ. 100 ಕೆಇವಿ ಒಳಗಿನವರ ಚದುರಿಕೆಗೆ ಸೀಮಿತ ಮಾಡಿಕೊಳ್ಳಿ.

ಈ ವಿಸರಣ ಲೆಕ್ಕದ ಹಿಂದಿರುವ ಕ್ವಾಸಿ-ಲೀನಿಯರ್ ಸಿದ್ಧಾಂತದ ಮಿತಿಯೂ ಇಲ್ಲೇ ಎದುರಾಗುತ್ತೆ. ಅದು ಸಣ್ಣ ಪಾರದ, ಅಗಲ ರೋಹಿತದ, ಗೊತ್ತುಗುರಿ ಇಲ್ಲದ ಹಂತದ ಅಲೆ ಅಂತ ಭಾವಿಸುತ್ತೆ. ಹಿಸ್ ಹಾಗೇ ಇದೆ, ಹೆಸರಿಗೆ ತಕ್ಕ ಬುಸ್ ಶಬ್ದ. ಕೋರಸ್ ಹಾಗಲ್ಲ; ಸೆಕೆಂಡಿನ ಸಣ್ಣ ಭಾಗದಲ್ಲಿ ಸುಯ್ ಅಂತ ಆವರ್ತನ ಏರುವ ತುಣುಕುಗಳು, ಕೆಲವು ಸಲ ಪಾರ ಒಂದು ನ್ಯಾನೋಟೆಸ್ಲಾ ಮುಟ್ಟುತ್ತೆ. ಅಷ್ಟು ದೊಡ್ಡ ಅಲೆಯಲ್ಲಿ ಎಲೆಕ್ಟ್ರಾನ್ ಹಂತಕ್ಕೆ ಸಿಕ್ಕಿಬಿದ್ದು ಒಂದೇ ಹಾದುಹೋಗುವಿಕೆಯಲ್ಲಿ ಹಲವು ಡಿಗ್ರಿ ಜರುಗುತ್ತೆ. ಅದು ಕುಡುಕನ ನಡಿಗೆಯ ವಿಸರಣ ಅಲ್ಲ, ಕೈ ಹಿಡಿದು ಎಳೆದುಕೊಂಡು ಹೋದ ಹಾಗೆ. ಬಹಳ ದಿನಗಳ ಸರಾಸರಿಗೆ ವಿಸರಣ ಮಾದರಿ ಪರವಾಗಿಲ್ಲ, ಒಂದು ಮೈಕ್ರೋಬರ್ಸ್ಟ್ ವಿವರಿಸೋಕೆ ಬರಲ್ಲ.

ಎಮಿಕ್ ಅಲೆ ಬೇರೆಯೇ ಜಾತಿ. ಪ್ರೋಟಾನ್ ಗೈರೋ ಆವರ್ತನಕ್ಕಿಂತ ಕೆಳಗೆ; ಎಲ್=5ರಲ್ಲಿ ಅದು 3.8 ಹರ್ಟ್ಸ್, ಹೀಲಿಯಂ ಅಯಾನಿನದ್ದು 0.95. ಅಲೆ ಸುತ್ತೋದು ಎಡಕ್ಕೆ, ಎಲೆಕ್ಟ್ರಾನ್ ಸುತ್ತೋದು ಬಲಕ್ಕೆ. ಎಲೆಕ್ಟ್ರಾನ್ ಅಲೆಯನ್ನು ಹಿಂದಿಕ್ಕಿ ಓಡಿದರೆ ಮಾತ್ರ ದಿಕ್ಕು ತಿರುಗಿ ಕಾಣುತ್ತೆ, ಆಗ ಅನುರಣನ. ನಿಮ್ಮ ಕೋಡಿನಲ್ಲಿ ಅನುರಣನ ಸಂಖ್ಯೆ ಎನ್‌ನ ಚಿಹ್ನೆ ತಿರುಗಿಸದೆ ಇದ್ದರೆ ಸೊನ್ನೆ ಉತ್ತರ ಬರುತ್ತೆ, "ಎಮಿಕ್ ಪ್ರಭಾವ ಇಲ್ಲ" ಅಂತ ಬರೆದುಬಿಡಬೇಡಿ! ಸಾಮಾನ್ಯವಾಗಿ ಒಂದೆರಡು ಎಂಇವಿ ಮೇಲಿನವರಿಗೆ ಮಾತ್ರ, ಅದೂ ಸಣ್ಣ ಪಿಚ್ ಆ್ಯಂಗಲ್‌ನವರಿಗೆ. 90ರ ಹತ್ತಿರದವರನ್ನು ಎಮಿಕ್ ಮುಟ್ಟಲ್ಲ. ಒಂಟಿಯಾಗಿ ಬಿಟ್ಟರೆ ಎಮಿಕ್ ಕೆಳಕೋನ ಖಾಲಿ ಮಾಡಿ ನಿಲ್ಲುತ್ತೆ. ಜೊತೆಗೆ ಹಿಸ್ ಅಥವಾ ಕೋರಸ್ ಮೇಲಿನವರನ್ನು ಕೆಳಗಿಳಿಸ್ತಾ ಇದ್ದರೆ ಆಗ ಇಡೀ ಪಟ್ಟಿ ಬೇಗ ಬತ್ತುತ್ತೆ. ಹಾಗಾಗಿ ಎರಡು ಅಲೆಯ ಜೀವಿತಾವಧಿ ಬೇರೆ ಬೇರೆ ತೆಗೆದು ಆಮೇಲೆ ಕೂಡೋದು ತಪ್ಪು, ಗುಣಾಂಕಗಳನ್ನೇ ಮೊದಲು ಕೂಡಿ ಆಮೇಲೆ ಜೀವಿತಾವಧಿ ತೆಗೀಬೇಕು.

ಒಂದು ವಿಷಯ ಹೆಚ್ಚಿನ ವಿದ್ಯಾರ್ಥಿ ವರದಿಗಳಲ್ಲಿ ತಪ್ಪಿಹೋಗುತ್ತೆ: ಅಲೆ ಹೊರಗಿನಿಂದ ಬಂದದ್ದಲ್ಲ, ಎಲೆಕ್ಟ್ರಾನ್‌ಗಳೇ ಬೆಳೆಸಿದ್ದು. ಹತ್ತಾರು ಕೆಇವಿಯವರು ಜಾಸ್ತಿಯಾಗಿ, 90ರ ಕಡೆಗೆ ವಾಲಿದ ಹಂಚಿಕೆ ಇದ್ದರೆ ಕೋರಸ್ ಬೆಳೆಯುತ್ತೆ, ಬೆಳೆದ ಕೋರಸ್ ಅವರನ್ನೇ ಹೊರಗೆ ಸುರಿಯುತ್ತೆ. 1966ರಲ್ಲಿ ಕೆನ್ನೆಲ್ ಮತ್ತು ಪೆಟ್‌ಶೆಕ್ ಹೇಳಿದ ಮಿತಿ ಇದೇ. ಕೆಆರ್‌ಎಸ್ 124.80 ಅಡಿ ತುಂಬಿದ ದಿನದ ಹಾಗೆ, ಆಮೇಲೆ ಒಳಹರಿವು ಎಷ್ಟೋ ಹೊರಹರಿವೂ ಅಷ್ಟೇ, ಮಟ್ಟ ಮಾತ್ರ ಏರಲ್ಲ. ಆದ್ದರಿಂದ 30-100 ಕೆಇವಿಗೆ ಪಾರವನ್ನು ಸ್ಥಿರ ಇಟ್ಟು ದಿನಗಟ್ಟಲೆ ಓಡಿಸೋದರಲ್ಲಿ ಅರ್ಥವಿಲ್ಲ. 500 ಕೆಇವಿಯವರು ಹಿಸ್‌ಗೆ ಬರೀ ಪ್ರಯಾಣಿಕರು, ಅಲೆ ಅವರ ಸಂಖ್ಯೆಯನ್ನು ನೆಚ್ಚಿಕೊಂಡಿಲ್ಲ. ಅಲ್ಲಿ ಸ್ಥಿರ ಪಾರ ನಡೆಯುತ್ತೆ.


ಮದ್ದೂರು_ವಡೆ (ಮಂಡ್ಯ ಜಿಲ್ಲೆ):

ಲೂಪ್ ಬಗ್ಗೆ ನಾನು ಹೇಳ್ತೀನಿ. ಕಟ್ಟಿ, ಆದರೆ ಕೋರಸ್ ಆಸೆ ಇಟ್ಕೋಬೇಡಿ. ನಮ್ಮ ತಲೆ ಮೇಲಿನ ಕಾಂತರೇಖೆ ಕಾಂತೀಯ ಸಮಭಾಜಕದ ಪಕ್ಕದ್ದು. ವಾತಾವರಣದ ಮೇಲೆ ಸ್ವಲ್ಪ ಎದ್ದು ಅಲ್ಲೇ ಮುಗಿಯುತ್ತೆ, ಪಟ್ಟಿಯ ಹತ್ತಿರಕ್ಕೂ ಹೋಗಲ್ಲ. ಎಲ್=4-5ರ ಅಲೆ ನೆಲಕ್ಕಿಳಿಯೋದು ಆ ರೇಖೆಗಳ ಕಾಲಡಿ, ಅಂದರೆ ಕಾಂತ ಅಕ್ಷಾಂಶ 60 ಡಿಗ್ರಿ ಮೇಲೆ. ಭಾರತದವರದ್ದೇ ಬೇಕು ಅಂದರೆ ಅಂಟಾರ್ಕ್ಟಿಕಾದ ಮೈತ್ರಿ ನೆಲೆ ಎಲ್=5ರ ಆಸುಪಾಸಿನಲ್ಲಿದೆ. ಅಲ್ಲಿನ ಇಂಡಕ್ಷನ್ ಕಾಯಿಲ್ ದತ್ತಾಂಶದಲ್ಲಿ ಎಮಿಕ್ ಅಲೆಗಳ ಅಧ್ಯಯನ ಆಗಿದೆ.

ಇಲ್ಲಿ ಸಿಗೋದು: ತಮಿಳುನಾಡಿನ ತುದಿಯ ವಿಜಯನಾರಾಯಣಂನ ನೌಕಾಪಡೆ ಪ್ರಸಾರ, 18.2 ಕಿಲೋಹರ್ಟ್ಸ್. ಪಶ್ಚಿಮ ಆಸ್ಟ್ರೇಲಿಯಾದ ಎನ್‌ಡಬ್ಲ್ಯುಸಿ, 19.8. ಮಿಂಚಿನ ಚಟಚಟ, ರಾತ್ರಿ ಹೊತ್ತು 1.7-1.8 ಕಿಲೋಹರ್ಟ್ಸ್ ಹತ್ತಿರ ಬಾಲ ಬಿಡುವ ಟ್ವೀಕ್‌ಗಳು. ಒಂದು ಮೀಟರ್ ಚೌಕದ ಮರದ ಚೌಕಟ್ಟಿಗೆ 50 ಸುತ್ತು ಎನಾಮೆಲ್ ತಂತಿ. ಮೀಟರಿಗೆ ಒಂದು ಮಿಲಿವೋಲ್ಟ್ ಬಲದ ಸಂಕೇತಕ್ಕೆ 18.2ರಲ್ಲಿ ಸುಮಾರು 19 ಮೈಕ್ರೋವೋಲ್ಟ್ ಬರುತ್ತೆ, ಹಾಗಾಗಿ ಸಾವಿರ ಪಟ್ಟಿನ ಪ್ರೀ-ಆಂಪ್ ಲೂಪ್ ಬುಡದಲ್ಲೇ ಇರಲಿ, ಕೇಬಲ್ ಇನ್ನೊಂದು ತುದಿಯಲ್ಲಿ ಬೇಡ. ಸೌಂಡ್ ಕಾರ್ಡ್ 48 ಕಿಲೋಹರ್ಟ್ಸ್ ಮಾದರಿ ದರದ್ದಾದರೆ 24ರವರೆಗೆ ನೋಡಬಹುದು, ಎರಡೂ ಪ್ರಸಾರ ಒಳಗೇ ಬೀಳ್ತಾವೆ. 44.1 ಇದ್ದರೂ ನಡೆಯುತ್ತೆ. ಹಾಳು ಮಾಡೋದು 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಮತ್ತು ಅದರ ಮೇಲ್ಸ್ವರಗಳು, ಯುಪಿಎಸ್, ಅಗ್ಗದ ಎಲ್‌ಇಡಿ ಬಲ್ಬ್, ಗದ್ದೆ ಕಡೆ ಪಂಪ್‌ಸೆಟ್ ಸ್ಟಾರ್ಟರ್. ಲೂಪ್ ತಿರುಗಿಸಿದರೆ ಒಂದು ದಿಕ್ಕಿನ ಗಲಾಟೆ ಕಡಿಮೆ ಮಾಡಬಹುದು. ಮನೆಯಿಂದ 30-40 ಮೀಟರ್ ದೂರ ಹೋದರೆ ಇನ್ನೂ ಒಳ್ಳೇದು.

ನಿಮ್ಮ ವಿಷಯಕ್ಕೆ ಎನ್‌ಡಬ್ಲ್ಯುಸಿಗೊಂದು ಸಂಬಂಧ ಇದೆ. ಒಂದು ಮೆಗಾವ್ಯಾಟ್ ಪ್ರಸಾರ, ಅದರಲ್ಲಿ ಸ್ವಲ್ಪ ಅಯಾನುಗೋಳ ದಾಟಿ ವಿಸ್ಲರ್ ಅಲೆಯಾಗಿ ಮೇಲೆ ಹೋಗುತ್ತೆ, ಒಳ ಪಟ್ಟಿಯ ಎಲೆಕ್ಟ್ರಾನ್‌ಗಳನ್ನು ಚದುರಿಸುತ್ತೆ. ಫ್ರಾನ್ಸಿನ ಡೆಮೆಟರ್ ಉಪಗ್ರಹ ಅದನ್ನು ಶಕ್ತಿ-ಎಲ್ ನಕ್ಷೆಯಲ್ಲಿ ಓರೆ ಗೆರೆಯಾಗಿ ಕಂಡಿತು. ಗೆರೆ ಓರೆ ಯಾಕೆ? ಆವರ್ತನ ಒಂದೇ, 19.8, ಎಲ್ ಹೆಚ್ಚಿದ ಹಾಗೆ ಕ್ಷೇತ್ರ ಇಳಿಯುತ್ತೆ, ಅನುರಣನದ ಶಕ್ತಿಯೂ ಇಳಿಯುತ್ತೆ. ನಿಮ್ಮ ಕೋಡಿಗೆ ಇದಕ್ಕಿಂತ ಚೆಂದದ ಪರೀಕ್ಷೆ ಬೇರೆ ಇಲ್ಲ. ನಮ್ಮ 18.2ರ ಪ್ರಸಾರ ಕಾಂತೀಯ ಸಮಭಾಜಕದ ಮೇಲೇ ಕೂತಿರೋದರಿಂದ ಪಟ್ಟಿಗೆ ಅಂಥ ದಾರಿ ಇಲ್ಲ.


ಗಂಗೋತ್ರಿ_ಅಲೆಮಾರಿ:

ಓರೆ ಗೆರೆ ಪರೀಕ್ಷೆ ಮಾಡ್ತೀನಿ. ಕೊನೇದಾಗಿ, ಪಾರ ಮತ್ತು ಸಾಂದ್ರತೆ ಎರಡೂ ನಿಜವಾದ ಅಳತೆಯಿಂದ ಬೇಕು ಅಂದರೆ ಯಾವುದು?


ಬೋಗಾದಿ_ಪ್ಲಾಸ್ಮಾ:

ವ್ಯಾನ್ ಅಲೆನ್ ಪ್ರೋಬ್‌ಗಳು, 2012ರಿಂದ 2019. ಅಲೆಗೆ ಎಂಫಿಸಿಸ್, ಎಲೆಕ್ಟ್ರಾನ್‌ಗೆ ಮ್ಯಾಜ್‌ಈಐಎಸ್ (ಹತ್ತಾರು ಕೆಇವಿಯಿಂದ ಕೆಲವು ಎಂಇವಿ), ಅದರ ಮೇಲೆ ರೆಪ್ಟ್. ಎಲ್ಲ ಉಚಿತ, ಪೈಸ್ಪೆಡಾಸ್‌ನಲ್ಲಿ (ಇಂಥ ದತ್ತಾಂಶ ಇಳಿಸುವ ಪೈಥಾನ್ ಪ್ಯಾಕೇಜ್) ಒಂದೆರಡು ಸಾಲಿಗೆ ಇಳಿಯುತ್ತೆ. ಸಾಂದ್ರತೆಯನ್ನು ಎಂಫಿಸಿಸ್ ತಂಡ ಅಪ್ಪರ್ ಹೈಬ್ರಿಡ್ ಗೆರೆಯಿಂದ (ಸಾಂದ್ರತೆಗೆ ತಕ್ಕಂತೆ ರೋಹಿತದಲ್ಲಿ ಕಾಣುವ ಗೆರೆ) ತೆಗೆದಿಟ್ಟಿದೆ. ಆ ಗೆರೆಯ ಆವರ್ತನದ ವರ್ಗದಿಂದ ಗೈರೋ ಆವರ್ತನದ ವರ್ಗ ಕಳೆದರೆ ಪ್ಲಾಸ್ಮಾ ಆವರ್ತನದ ವರ್ಗ, ನೀವೇ ತಾಳೆ ನೋಡಬಹುದು. ಗೆರೆ ಕಾಣದ ಹೊತ್ತಿನಲ್ಲಿ ಫೈಲ್‌ನಲ್ಲಿರೋದು ಏನು ಅಂತ ಗುಣಮಟ್ಟದ ಗುರುತು ನೋಡದೆ ಬಳಸಬೇಡಿ. ಮ್ಯಾಜ್‌ಈಐಎಸ್‌ನಲ್ಲಿ ಹಿನ್ನೆಲೆ ತಿದ್ದಿದ ದತ್ತಾಂಶವನ್ನೇ ತೆಗೆದುಕೊಳ್ಳಿ. ಒಳ ಪಟ್ಟಿಯಲ್ಲಿ ಪ್ರೋಟಾನ್‌ಗಳು ಉಪಕರಣದ ಗೋಡೆ ದಾಟಿ ಎಲೆಕ್ಟ್ರಾನ್ ವೇಷ ಹಾಕ್ತಾವೆ.

ಒಂದು ಕೊರತೆ ಇದೆ. ಆ ಜೋಡಿ ಉಪಗ್ರಹಗಳ ಕಕ್ಷೆಯ ವಾಲಿಕೆ 10 ಡಿಗ್ರಿ, ಕಾಂತ ಅಕ್ಷಾಂಶದಲ್ಲಿ ಸುಮಾರು 20ರ ಆಚೆ ಅವು ಹೋಗಲಿಲ್ಲ. ಮೇಲೆ ನಾಲೆಯವರ 28, ಹೇಮಾವತಿಯವರ 31, ಎರಡೂ ಆ ಮಿತಿಯ ಹೊರಗೆ. ಲಾಸ್ ಕೋನ್ ಅಂಚಿನ ಚದುರಿಕೆ ನಡೆಯುವ ಜಾಗದ ಅಲೆಯನ್ನೇ ಅವು ನೋಡಿಲ್ಲ ಅಂತಾಯ್ತು. ಅದಕ್ಕೆ ಅರಾಸೆ ಬೇಕು, ವಾಲಿಕೆ 31 ಡಿಗ್ರಿ, ಪೈಸ್ಪೆಡಾಸ್‌ನಲ್ಲೇ ಇಆರ್‌ಜಿ ಹೆಸರಿನಲ್ಲಿದೆ. ಸಮಭಾಜಕದ ಪಾರವನ್ನು ಪ್ರೋಬ್‌ನಿಂದ, 20ರ ಮೇಲಿನದ್ದನ್ನು ಅರಾಸೆಯಿಂದ ತೆಗೆದುಕೊಂಡು ಅಕ್ಷಾಂಶದ ಜೊತೆ ಪಾರ ಬದಲಾಗುವ ಹಾಗೆ ಕೋಡ್ ತಿದ್ದಿ. 45ರವರೆಗೆ ಒಂದೇ 30 ಪೈಕೋಟೆಸ್ಲಾ ಅನ್ನೋ ಸಾಲನ್ನು ಮೊದಲು ಅಳಿಸಿ.